ಶತ್ರುವಿನ ಟರ್ನ್ ಕಸಿಯುವ ಹೋಮ್‌ಬ್ರೂ ಶಕ್ತಿ ಕೊಡಬಹುದಾ? ನಮ್ಮ ಟೇಬಲ್‌ನಲ್ಲಿ ಆಗಿದ್ದು

ನೀವು ಕೇಳಿದ್ದು ಇಷ್ಟು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರವಾಗಿ ಡೈಸ್ ಹಾಕಿ ಆಡುವ ಕಥೆಯಾಟ) ಐದನೇ ಆವೃತ್ತಿ ಆಡಿಸುತ್ತಿದ್ದೀರಿ. ನಾಲ್ಕನೇ ಲೆವೆಲ್‌ನ ಫೈಟರ್ ಒಬ್ಬ ಸರಪಳಿ ಬೀಸಿ ಹೊಡೆದಾಡುತ್ತಾನೆ. ಸರಪಳಿ ಸುತ್ತಿಕೊಂಡ ಶತ್ರು ಸೇವ್‌ನಲ್ಲಿ (ಪರಿಣಾಮದಿಂದ ತಪ್ಪಿಸಿಕೊಳ್ಳಲು ಹಾಕುವ ಡೈಸ್) ಸೋತರೆ ಒಂದು ಟರ್ನ್, ಅಂದರೆ ತನ್ನ ಸರದಿ, ಕಳೆದುಕೊಳ್ಳಬೇಕು, ಅಂಥ ಹೋಮ್‌ಬ್ರೂ (ಪುಸ್ತಕದಲ್ಲಿಲ್ಲದ, ನಾವೇ ಕಟ್ಟಿದ) ಶಕ್ತಿ ಬೇಕು ಅಂತ ಆಟಗಾರನ ಆಸೆ. ಕೊಡಬಹುದಾ, ಕೊಟ್ಟರೆ ದಿನಕ್ಕೆ ಎಷ್ಟು ಸಲ ಅನ್ನೋದು ನಿಮ್ಮ ಪ್ರಶ್ನೆ.

ಸರಪಳಿ ಖಂಡಿತ ಕೊಡಿ. ಟರ್ನ್ ಕಸಿಯುವುದು ಮಾತ್ರ ಬೇಡ. ನಾನು ಇದೇ ತಪ್ಪು ಮಾಡಿದವನು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಸರಪಳಿ ಬದಲು ಗದೆ. ಪೆಟ್ಟು ಬಿದ್ದ ಶತ್ರು ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) ಸೇವ್ ಹಾಕಬೇಕು, ಡಿಸಿ (ಮುಟ್ಟಬೇಕಾದ ಸಂಖ್ಯೆ) 13, ಸೋತರೆ ಅದರ ಮುಂದಿನ ಟರ್ನ್ ಇಲ್ಲ. ನಾಲ್ಕನೇ ಲೆವೆಲ್‌ನಲ್ಲಿ ಏನೂ ತೊಂದರೆ ಕಾಣಲಿಲ್ಲ. ಐದಕ್ಕೆ ಬಂದ ಕೂಡಲೇ ಫೈಟರ್‌ಗೆ ಎಕ್ಸ್‌ಟ್ರಾ ಅಟ್ಯಾಕ್, ಅಂದರೆ ಒಂದೇ ಟರ್ನ್‌ನಲ್ಲಿ ಎರಡು ಪೆಟ್ಟು, ಸಿಗುತ್ತದೆ ಅಲ್ವಾ, ಅಲ್ಲಿಂದ ಕೆಟ್ಟಿತು. ಲೆಕ್ಕ ಹಾಕಿ ನೋಡಿ. ಪೆಟ್ಟು ತಗಲುವ ಸಾಧ್ಯತೆ ನೂರಕ್ಕೆ 65 ಅಂತ ಇಟ್ಟುಕೊಳ್ಳೋಣ. ಶತ್ರುವಿಗೆ ಸೇವ್‌ನಲ್ಲಿ +2 ಇದ್ದರೆ 20 ಮುಖದ ಡೈಸ್‌ನಲ್ಲಿ 11 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು, ಅಂದರೆ ಅರ್ಧಕ್ಕರ್ಧ ಸಲ ಸೋಲುತ್ತದೆ. ಒಂದೇ ಪೆಟ್ಟಿದ್ದಾಗ ಟರ್ನ್ ಹೋಗುವ ಸಾಧ್ಯತೆ ನೂರಕ್ಕೆ 32ರ ಆಸುಪಾಸು. ಎರಡು ಪೆಟ್ಟಾದರೆ 54. ನಾನು ಬರೆದ ಸಾಲಿನಲ್ಲಿ ಒಂದಕ್ಷರ ಬದಲಾಗಿಲ್ಲ, ಶಕ್ತಿ ಮಾತ್ರ ಎಲ್ಲಿಗೋ ಹೋಯಿತು.

ತಿಂಗಳುಗಟ್ಟಲೆ ಕಾದಿದ್ದ ಬಾಸ್ ಮೂರು ರೌಂಡ್ (ಎಲ್ಲರ ಟರ್ನ್ ಒಮ್ಮೆ ಮುಗಿದರೆ ಒಂದು ರೌಂಡ್) ನಿಂತಲ್ಲೇ ನಿಂತು ಸತ್ತ. ಗದೆ ಹಿಡಿದವನಿಗೆ ಖುಷಿಯೋ ಖುಷಿ. ಕ್ಲೆರಿಕ್ (ಗಾಯ ವಾಸಿ ಮಾಡುವ ಪಾತ್ರ) ಆಡುತ್ತಿದ್ದವಳು ತನ್ನ ಡೈಸ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಕೂತಿದ್ದಳು. ಯಾರಿಗೂ ಗಾಯವೇ ಆಗದಿದ್ದರೆ ಪಾಪ ಅವಳಾದರೂ ಏನು ಮಾಡಬೇಕು? ಆ ಗೋಪುರ ನೋಡಿದಾಗಲೇ ನನಗೆ ವಿಷಯ ಹೊಳೆದಿದ್ದು. ನಾನು ಡ್ಯಾಮೇಜ್ ಎಷ್ಟು ಅಂತಲೇ ತಲೆ ಕೆಡಿಸಿಕೊಂಡಿದ್ದೆ, ಟೇಬಲ್‌ನಲ್ಲಿ ಉಳಿದವರ ಕೈಯಿಂದ ಏನು ಹೋಗುತ್ತದೆ ಅಂತ ನೋಡಿರಲಿಲ್ಲ.

ಶಕ್ತಿಯನ್ನು ವಾಪಸ್ ಕಿತ್ತುಕೊಳ್ಳಲಿಲ್ಲ. ಅವನ ಜೊತೆ ಕೂತು ಬದಲಾಯಿಸಿದೆವು. ಈಗ ಸೇವ್‌ನಲ್ಲಿ ಸೋತ ಶತ್ರುವಿಗೆ ರಿಯಾಕ್ಷನ್ (ಬೇರೆಯವರ ಟರ್ನ್‌ನಲ್ಲೂ ಥಟ್ಟನೆ ಮಾಡಬಹುದಾದ ಕೆಲಸ) ಇಲ್ಲ, ನಡಿಗೆ ಅರ್ಧ. ಕೇಳಲು ಸಪ್ಪೆ ಅನಿಸಬಹುದು. ಆದರೆ ರಿಯಾಕ್ಷನ್ ಇಲ್ಲ ಅಂದರೆ ಆಪರ್ಚುನಿಟಿ ಅಟ್ಯಾಕ್ (ಪಕ್ಕದಿಂದ ದೂರ ಹೋಗುವವರಿಗೆ ಹೊಡೆಯುವ ಪೆಟ್ಟು) ಇಲ್ಲ. ಮುಂದಿನ ಕಾಳಗದಲ್ಲಿ ಇವನು ಗದೆ ಬೀಸಿದ, ಅದೇ ಕ್ಲೆರಿಕ್ ಆ ರಾಕ್ಷಸನ ಪಕ್ಕದಲ್ಲೇ ಹಾದು ಆಚೆ ಬಿದ್ದಿದ್ದ ರೋಗ್ (ಕಳ್ಳನಂಥ ಪಾತ್ರ) ಹತ್ತಿರ ಓಡಿದಳು, ಅವನನ್ನು ಎಬ್ಬಿಸಿದಳು. ಎಲ್ಲರೂ ಕೂಗಾಡಿಬಿಟ್ಟರು. ಗದೆಯ ಹೆಸರು ಆವತ್ತು ಜಾಸ್ತಿಯೇ ಕೇಳಿಸಿತು.

ನಿಮ್ಮ ಸರಪಳಿಗೆ ಹತ್ತಿರದ ಅಳತೆ ಆಟದಲ್ಲೇ ಇದೆ. ಥಾರ್ನ್ ವಿಪ್ ಅನ್ನೋ ಕ್ಯಾಂಟ್ರಿಪ್ (ಚಿಕ್ಕ ಮಂತ್ರ) ನೋಡಿ: ತಗಲಿದರೆ ಲಾರ್ಜ್ ಅಥವಾ ಅದಕ್ಕಿಂತ ಚಿಕ್ಕ ಶತ್ರುವನ್ನು 10 ಅಡಿವರೆಗೆ ಹತ್ತಿರ ಎಳೆಯಬಹುದು, ಎಷ್ಟು ಸಲ ಬೇಕಾದರೂ. ಹಾಗಾಗಿ ಬರೀ ಎಳೆಯುವುದಕ್ಕೆ ದಿನದ ಲೆಕ್ಕವೇ ಬೇಡ ಅಂತೀನಿ. ಅದರ ಜೊತೆ ರಿಯಾಕ್ಷನ್ ಕಸಿಯುವುದನ್ನು ಸೇರಿಸಿದರೆ ಸ್ಟ್ರೆಂಗ್ತ್ ಸೇವ್ ಇಡಿ. ಡಿಸಿಗೆ ಎಂದಿನ ಲೆಕ್ಕ ಸಾಕು: 8, ಪ್ರಾವೀಣ್ಯದ ಬೋನಸ್, ಸ್ಟ್ರೆಂಗ್ತ್ ಮಾಡಿಫೈಯರ್. ಫೈರ್‌ಬಾಲ್ ಅನ್ನೋ ಬೆಂಕಿಯ ಮಂತ್ರದ ಪಕ್ಕದಲ್ಲಿಟ್ಟು ಮಾತ್ರ ಏನನ್ನೂ ಅಳೆಯಬೇಡಿ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನ ಪಟ್ಟಿ ಪ್ರಕಾರ ಹಲವರಿಗೆ ತಗಲುವ ಮೂರನೇ ಲೆವೆಲ್ ಮಂತ್ರಕ್ಕೆ ಡ್ಯಾಮೇಜ್ 6ಡಿ6 (ಆರು ಮುಖದ ಆರು ಡೈಸ್) ಇರಬೇಕು, ಫೈರ್‌ಬಾಲ್‌ಗೆ 8ಡಿ6 ಇದೆ. ಅದು ಮೊದಲೇ ಅಳತೆ ಮೀರಿದ್ದು.

"ದಿನಕ್ಕೆ ಮೂರು ಸಲ" ಅನ್ನೋದು ಕಾಗದದ ಮೇಲೆ ಕಡಿವಾಣದ ಹಾಗೆ ಕಾಣುತ್ತದೆ. ನಮ್ಮಲ್ಲಿ ಒಂದು ಲಾಂಗ್ ರೆಸ್ಟ್‌ನಿಂದ (ಶಕ್ತಿಗಳು ವಾಪಸ್ ಬರುವ ದೀರ್ಘ ವಿಶ್ರಾಂತಿ) ಇನ್ನೊಂದರ ನಡುವೆ ಹೆಚ್ಚಾಗಿ ಒಂದೇ ಕಾಳಗ, ಅದೂ ಮೂರು ನಾಲ್ಕು ರೌಂಡ್‌ಗೆ ಮುಗಿಯುತ್ತದೆ. ಹಾಗಾದರೆ ಮೂರು ಸಲ ಅಂದರೆ ಪ್ರತಿ ರೌಂಡೂ ಅಂತಲೇ ಆಯಿತಲ್ಲ.

ಬರೆಯುವಾಗಿನ ಎಡವಟ್ಟು ಇನ್ನೊಂದು. ನಾವು ಮೊದಲು "ಮುಂದಿನ ಟರ್ನ್‌ವರೆಗೆ" ಅಂತ ಬರೆದಿದ್ದೆವು. ಯಾರ ಟರ್ನ್? ಹೊಡೆದವನದಾ, ಪೆಟ್ಟು ತಿಂದವನದಾ? ಟರ್ನ್ ಶುರುವಾಗುವವರೆಗಾ, ಮುಗಿಯುವವರೆಗಾ? ಅರ್ಧ ಗಂಟೆ ಜಗಳ ಆಯಿತು, ಮೂಡ್ ಹಾಳಾಯಿತು. ಈಗ "ಶತ್ರುವಿನ ಮುಂದಿನ ಟರ್ನ್ ಮುಗಿಯುವವರೆಗೆ" ಅಂತ ಪೂರ್ತಿ ಬರೆಯುತ್ತೇವೆ. ಹಾಗೇ "ಟರ್ನ್‌ಗೆ ಒಂದು ಸಲ" ಬೇರೆ, "ನಿನ್ನ ಟರ್ನ್‌ನಲ್ಲಿ ಒಂದು ಸಲ" ಬೇರೆ. ಮೊದಲನೆಯ ಹಾಗೆ ಬರೆದರೆ ಬೇರೆಯವರ ಟರ್ನ್‌ನಲ್ಲಿ ರಿಯಾಕ್ಷನ್‌ನಿಂದ ಹೊಡೆದಾಗಲೂ ಶಕ್ತಿ ಕೆಲಸ ಮಾಡುತ್ತದೆ. ರೋಗ್‌ನ ಸ್ನೀಕ್ ಅಟ್ಯಾಕ್ ಅನ್ನೋ ಶಕ್ತಿ ಹಾಗೇ ಇರೋದು. ನಿಮ್ಮ ಸರಪಳಿಗೆ ಎರಡನೆಯದೇ ಸರಿ.

ಕೊಡುವ ಮೊದಲು ಆಟಗಾರನಿಗೆ ಹೇಳಿಬಿಡಿ, ಮೂರು ಸೆಷನ್ ನೋಡೋಣ, ಆಮೇಲೆ ಬೇಕಾದರೆ ಇಬ್ಬರೂ ಸೇರಿ ತಿದ್ದೋಣ ಅಂತ. ನಾನು ಇದನ್ನು ಮೊದಲೇ ಹೇಳಿರಲಿಲ್ಲ, ಬದಲಾಯಿಸುವಾಗ ಅವನ ಮುಖ ಚಿಕ್ಕದಾಗಿದ್ದು ಇವತ್ತಿಗೂ ಬೇಜಾರು. ಸಾಧ್ಯವಾದರೆ ಇದೇ ಸರಪಳಿ ಹಿಡಿದ ಶತ್ರು ಒಬ್ಬನನ್ನು ಒಂದು ಚಿಕ್ಕ ಕಾಳಗಕ್ಕೆ ತನ್ನಿ. ತನ್ನ ಮೇಲೇ ಬಿದ್ದಾಗ ಆಟಗಾರ ಏನಂತಾನೆ ನೋಡಿ.

ನಿಮ್ಮಲ್ಲಿ ಜಾಸ್ತಿ ಒಬ್ಬನೇ ದೊಡ್ಡ ಶತ್ರು ಇರುತ್ತಾನಾ, ಇಲ್ಲಾ ಸಣ್ಣ ಸಣ್ಣವರ ಗುಂಪಾ? ಅದು ಗೊತ್ತಾದರೆ ಎಳೆತ 10 ಅಡಿ ಸಾಕಾ, 15 ಮಾಡಬಹುದಾ ಅಂತ ಹೇಳಬಹುದು.