ಡಬ್ಲ್ಯುಟಿಸಿ ಪಟ್ಟಿ: ದಕ್ಷಿಣ ಆಫ್ರಿಕಾಗೆ ಸುಲಭದ ದಾರಿ ಸಿಕ್ಕಿತ್ತಾ?

[ಹಂಚಿದ ಚಿತ್ರ: ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ 2023–25, ಅಂತಿಮ ಪಟ್ಟಿ, ಅಂಕಗಳ ಶೇಕಡಾವಾರು. ದಕ್ಷಿಣ ಆಫ್ರಿಕಾ 69.44, ಆಸ್ಟ್ರೇಲಿಯಾ 67.54, ಭಾರತ 50.00]

ರವಿ ಮಾವ: ಈ ಪಟ್ಟಿ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ದಕ್ಷಿಣ ಆಫ್ರಿಕಾ ಆಡಿದ್ದು 12 ಟೆಸ್ಟ್, ಅದರಲ್ಲಿ ಆಸ್ಟ್ರೇಲಿಯಾ, ಇಂಗ್ಲೆಂಡ್ ಇಬ್ಬರ ಎದುರೂ ಒಂದೂ ಇಲ್ಲ. ನಾವು ಆಡಿದ 19ರಲ್ಲಿ 10 ಅವರಿಬ್ಬರ ಮೇಲೇ.

ಕಾರ್ತಿಕ್: ಪಂದ್ಯ ಕಮ್ಮಿ ಆದ್ರೆ ಏನಂತೆ ಮಾವ, ಅದಕ್ಕೇ ತಾನೇ ಶೇಕಡಾ ಲೆಕ್ಕ? ಗೆಲುವಿಗೆ 12 ಅಂಕ, ಡ್ರಾಗೆ 4. ಅವರದು 8 ಗೆಲುವು, 1 ಡ್ರಾ. 12 ಪಂದ್ಯಕ್ಕೆ ಸಿಗಬಹುದಾದ 144ಕ್ಕೆ 100.

ರವಿ ಮಾವ: ಎದುರಾಳಿ ಯಾರು ಅಂತ ಆ 12 ಅಂಕ ಕೇಳಲ್ಲ ಕಣೋ. ಐಸಿಸಿ ರ‍್ಯಾಂಕಿಂಗ್ ಕೇಳುತ್ತೆ. ಎರಡು ತಂಡಗಳ ರೇಟಿಂಗ್ ಅಂತರ 40ರ ಒಳಗಿದ್ರೆ ಗೆದ್ದವರಿಗೆ ಎದುರಾಳಿ ರೇಟಿಂಗ್ ಮೇಲೆ 50 ಸೇರಿಸಿ ಕೊಡ್ತಾರೆ, ಸೋತವರಿಗೆ 50 ಕಳೆದು.

ಶುಭಾ ಅಕ್ಕ: ಲೆಕ್ಕ ಹಾಕೇಬಿಟ್ಟೆ. ಓವರ್ ನಿಧಾನ ಆಯ್ತು ಅಂತ ಕಡಿಯೋ ಅಂಕದ ದಂಡ ಮೊದಲು ತೆಗೆದೆ, ಅದು ಆಟದ ಬಲ ಹೇಳಲ್ಲ. ಆಸ್ಟ್ರೇಲಿಯಾಗೆ 10 ಅಂಕ ವಾಪಸ್ ಬಂದ್ರೆ 71.93, ಅವರೇ ಮೊದಲು! ಆಮೇಲೆ ಪ್ರತಿ ಎದುರಾಳಿಯ ಶೇಕಡಾ, ಆಡಿದ ಟೆಸ್ಟ್ ಸಂಖ್ಯೆಗೆ ತಕ್ಕ ಸರಾಸರಿ. ದಕ್ಷಿಣ ಆಫ್ರಿಕಾದ ಎದುರಾಳಿಗಳು 41.68, ಆಸ್ಟ್ರೇಲಿಯಾದ್ದು 50.25, ನಮ್ಮದು 56.28.

ರವಿ ಮಾವ: ನೋಡು!

ಕಾರ್ತಿಕ್: ಅಕ್ಕ, ಪಟ್ಟಿಯ ಶೇಕಡಾ ಹಾಗೇ ತಗೊಂಡ್ಯಾ?

ಶುಭಾ ಅಕ್ಕ: ಇಲ್ಲ, ಎಲ್ಲರೂ ಎಡವೋದು ಅಲ್ಲೇ. ನೀನು ಸೋಲಿಸಿದ್ರೆ ಅವರ ಶೇಕಡಾ ಇಳಿಯುತ್ತೆ, ಆಗ ಗೆದ್ದಿದ್ದಕ್ಕೇ ನಿನ್ನ ಎದುರಾಳಿ ದುರ್ಬಲ ಅನ್ನಿಸ್ಕೊಳ್ತಾನೆ. ಪಾಕಿಸ್ತಾನ 14ರಲ್ಲಿ 5 ಗೆದ್ದಿದೆ, 168ಕ್ಕೆ 60. ದಕ್ಷಿಣ ಆಫ್ರಿಕಾ ಎದುರು ಸೋತ 2 ತೆಗೆದ್ರೆ 144ಕ್ಕೆ 60, ಅಂದ್ರೆ 41.67. ಪ್ರತಿ ಜೋಡಿಗೂ ಹೀಗೆ ಬೇರೆ ಬೇರೆ ಮಾಡಬೇಕು.

ಕಾರ್ತಿಕ್: ಸರಿ, ಈಗ ದಂಡ ತೆಗೆದ ಶೇಕಡಾ, ಎದುರಾಳಿ ಬಲ ಎರಡನ್ನೂ ಕೂಡಿಸು.

ಶುಭಾ ಅಕ್ಕ: ಎದುರಾಳಿ ಬಲ 50ಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಕೂಡಿಸೋದು, ಕಮ್ಮಿ ಇದ್ರೆ ಕಳೆಯೋದು. ಆಸ್ಟ್ರೇಲಿಯಾ 72.18, ದಕ್ಷಿಣ ಆಫ್ರಿಕಾ 61.12, ಭಾರತ 57.16. ದಕ್ಷಿಣ ಆಫ್ರಿಕಾಗೂ ನಮಗೂ ಇದ್ದ 19ರ ಅಂತರ 4ಕ್ಕೆ ಇಳಿಯಿತು. ಆದ್ರೂ ನಾವು ಮೂರನೇ, ಮಾವ.

ರವಿ ಮಾವ: ತವರು ನೆಲ, ಹೊರಗಿನ ನೆಲ ಎಣಿಸಿದ್ಯಾ?

ಶುಭಾ ಅಕ್ಕ: ಇಲ್ಲ. ಎಲ್ಲರಿಗೂ ತವರಲ್ಲಿ 3 ಸರಣಿ, ಹೊರಗೆ 3, ಅಲ್ಲಿ ಭಾರಿ ಅನ್ಯಾಯ ಇಲ್ಲ. ಯಾರು ಯಾರನ್ನ ಎಲ್ಲಿ ಎದುರಿಸಿದ್ರು ಅನ್ನೋದು ಮಾತ್ರ ತಪ್ಪಿಹೋಗುತ್ತೆ.

ಕಾರ್ತಿಕ್: ಇನ್ನೊಂದು ದೋಷ. 2024ರ ಫೆಬ್ರವರಿಯಲ್ಲಿ ಎಸ್‌ಎ20 ಅನ್ನೋ ತವರಿನ ಟಿ20 ಲೀಗ್ ಇತ್ತು ಅಂತ ದಕ್ಷಿಣ ಆಫ್ರಿಕಾ ನ್ಯೂಜಿಲೆಂಡ್‌ಗೆ ಕಳಿಸಿದ್ದು ಎರಡನೇ ದರ್ಜೆ ತಂಡ. 0–2 ಸೋತರು. ಈ ಲೆಕ್ಕದಲ್ಲಿ ನ್ಯೂಜಿಲೆಂಡ್‌ಗೆ ಅದು 83.33ರ ಎದುರಾಳಿ! ಆಡಿದ ಹನ್ನೊಂದು ಜನ ಯಾರು ಅಂತ ಯಾವ ಸೂತ್ರಕ್ಕೂ ಗೊತ್ತಾಗಲ್ಲ.

ರವಿ ಮಾವ: ಒಪ್ಪಿದೆ. ಹಾಗಾದ್ರೆ ನಾವು ಕೆಟ್ಟಿದ್ದು ಎಲ್ಲಿ?

ಕಾರ್ತಿಕ್: ಚಿನ್ನಸ್ವಾಮಿಯಿಂದಲೇ ಶುರು. 2024ರ ಅಕ್ಟೋಬರ್, ನ್ಯೂಜಿಲೆಂಡ್ ಎದುರು 46ಕ್ಕೆ ಆಲೌಟ್. ಆಮೇಲೆ ಪುಣೆ, ಮುಂಬೈ. ತವರಲ್ಲಿ 0–3. ನಮ್ಮನ್ನು ಬಿಟ್ಟು ಬೇರೆಯವರ ಎದುರು ನ್ಯೂಜಿಲೆಂಡ್‌ದು ಬರೀ 36.36.

ಶುಭಾ ಅಕ್ಕ: ಆ ಮೂರೂ ಗೆದ್ದಿದ್ದೀವಿ ಅಂತ ಇಟ್ಟು ನೋಡಿದೆ. ಅಧಿಕೃತ ಪಟ್ಟಿಯಲ್ಲಿ 65.79, ಆಗಲೂ ಮೂರನೇ, ಫೈನಲ್ ಮೊದಲ ಇಬ್ಬರಿಗೇ. ದಂಡ ತೆಗೆದು ಎದುರಾಳಿ ಬಲ ಸೇರಿಸಿದ್ರೆ 72.95, ದಕ್ಷಿಣ ಆಫ್ರಿಕಾ 60ರ ಹತ್ತಿರ. ನಾವು ಎರಡನೇ. ಮಾವನ ತಕರಾರಿಗೆ ಅರ್ಥ ಬರೋದು ಇಲ್ಲಿ.

ರವಿ ಮಾವ: ಆ ಶೀಟ್ ಇಲ್ಲಿಗೆ ಹಾಕಮ್ಮ ಶುಭಾ. 2025–27ಕ್ಕೂ ಇದೇ ಥರ ಕಾಲಂ ಮಾಡೋಣ, ತವರು–ಹೊರಗು ಬೇರೆ ಮಾಡಿ.