ನೀರಿನಿಂದ ಎತ್ತಿದ ಯುದ್ಧವಿಮಾನ: ಸರೋವರದ್ದು ಗಟ್ಟಿ, ಕಡಲಿನದ್ದು ಪುಡಿಪುಡಿ, ಯಾಕೆ?

ಪ್ರಶ್ನೆ: ಮೇಡಂ, ನೀವು ಮ್ಯೂಸಿಯಂ ಲೋಹಗಳನ್ನು ಉಳಿಸುವ ಕೆಲಸ ಮಾಡುವವರು ಅಂತ ಇಲ್ಲಿ ಕೇಳುತ್ತಿದ್ದೇನೆ. ಅಮೆರಿಕದ ಮಿಶಿಗನ್ ಸರೋವರದಿಂದ ಎತ್ತಿದ ನೌಕಾಪಡೆ ವಿಮಾನವೊಂದರ ಫೋಟೋ ನೋಡಿದೆ. 50 ವರ್ಷ ಮುಳುಗಿದ್ದರೂ ಮೈಮೇಲಿನ ನಂಬರು ಓದಲು ಬರುತ್ತದೆ. ಕಡಲಿನಿಂದ ಎತ್ತಿದವು ಮಾತ್ರ ಜರಡಿಯ ಹಾಗೆ. ಉಪ್ಪು ಅಂತ ಗೊತ್ತು, ಅಷ್ಟೇನಾ? ಮತ್ತೆ, ಸರೋವರದಲ್ಲಿ ಅಷ್ಟೊಂದು ವಿಮಾನ ಹೇಗೆ ಬಿದ್ದವು? ಅಲ್ಲಿ ಯುದ್ಧವೇ ನಡೆದಿಲ್ಲ ಅಲ್ವಾ?

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದ ಕಾಲಕ್ಕೆ ಷಿಕಾಗೋ ಬಳಿ ಇದೇ ಸರೋವರದಲ್ಲಿ ವುಲ್ವರಿನ್, ಸೇಬಲ್ ಎಂಬ ಎರಡು ತರಬೇತಿ ಹಡಗುಗಳಿದ್ದವು. ಎರಡೂ ಮೊದಲು ಪ್ರಯಾಣಿಕರ ಸ್ಟೀಮರುಗಳು. ಪಕ್ಕದಲ್ಲಿ ನೀರು ತಳ್ಳುವ ದೊಡ್ಡ ಚಕ್ರ, ಒಳಗೆ ಕಲ್ಲಿದ್ದಲು. ಮೇಲಿನ ಅಂತಸ್ತುಗಳನ್ನು ಕಿತ್ತು ವಿಮಾನ ಇಳಿಯುವ ಅಟ್ಟ ಹಾಸಿದರು. ಶತ್ರು ಸಬ್‌ಮರೀನ್ ಕಾಟವಿಲ್ಲದ ಜಾಗ ನೋಡಿ. 17,000ಕ್ಕೂ ಹೆಚ್ಚು ಪೈಲಟ್‌ಗಳು ಅಲ್ಲಿ ಹಡಗಿನ ಮೇಲೆ ಇಳಿಯುವುದನ್ನು ಕಲಿತರು. ಮುಂದೆ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಕೂಡ ಅವರಲ್ಲೊಬ್ಬರು. ಕಲಿಯುವವರು ಅಂದಮೇಲೆ ಎಡವಟ್ಟು ಇದ್ದದ್ದೇ. 100ಕ್ಕೂ ಹೆಚ್ಚು ವಿಮಾನ ನೀರುಪಾಲಾದವು. ಪುಣ್ಯಕ್ಕೆ ಹೆಚ್ಚಿನ ಪೈಲಟ್‌ಗಳು ಬದುಕಿ ಬಂದರು.

ಇದರಲ್ಲೊಂದು ತಮಾಷೆಯಿದೆ. ಕಲಿಯುವವರ ಕೈಗೆ ಹೊಸ ವಿಮಾನ ಯಾರು ಕೊಡುತ್ತಾರೆ? ಯುದ್ಧದಲ್ಲಿ ಸವೆದು ಬಂದದ್ದನ್ನೇ ಕೊಡುತ್ತಿದ್ದರು. 2106 ನಂಬರಿನ ಡಾಂಟ್‌ಲೆಸ್ ಬಾಂಬರ್ 1942ರ ಮಿಡ್‌ವೇ ಕದನದಲ್ಲಿ ಇನ್ನೂರಕ್ಕೂ ಹೆಚ್ಚು ತೂತು ಬಿದ್ದರೂ ವಾಪಸ್ಸು ಬಂದಿತ್ತು. ಮಾರನೇ ವರ್ಷ ಜೂನ್‌ನಲ್ಲಿ ಈ ಸರೋವರದಲ್ಲಿ ಮುಳುಗಿತು. 1994ರಲ್ಲಿ ಮೇಲೆತ್ತಿದರು, ಈಗ ಫ್ಲೋರಿಡಾದ ಪೆನ್ಸಕೋಲಾದಲ್ಲಿರುವ ನೌಕಾಪಡೆ ವಿಮಾನಗಳ ಮ್ಯೂಸಿಯಂನಲ್ಲಿದೆ. ಮುಳುಗದೆ ದಡ ಸೇರಿದ್ದ ಅದರ ಜೊತೆಯವು ಹೆಚ್ಚಿನವು ಗುಜರಿಗೆ ಹೋದವು.

ಇನ್ನು ಉಪ್ಪು. ವಿಮಾನದ ತಗಡು ಅಪ್ಪಟ ಅಲ್ಯೂಮಿನಿಯಂ ಅಲ್ಲ, ಗಟ್ಟಿಯಾಗಲಿ ಅಂತ ತಾಮ್ರ ಬೆರೆಸಿರುತ್ತಾರೆ. ಅಲ್ಯೂಮಿನಿಯಂ ಮೇಲೆ ತಾನಾಗಿ ಒಂದು ತೆಳು ಪೊರೆ ಕಟ್ಟುತ್ತದೆ, ಅದೇ ಅದರ ರಕ್ಷಣೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಚುಕ್ಕೆ ಚುಕ್ಕೆಯಾಗಿ ಒಡೆದು ಒಳಗೆ ಗುಳಿ ತೋಡುತ್ತದೆ. ಸಾಲದ್ದಕ್ಕೆ ಉಪ್ಪುನೀರಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಉಕ್ಕಿನ ಬೋಲ್ಟು, ಪಕ್ಕದ ಅಲ್ಯೂಮಿನಿಯಂ, ಸುತ್ತ ಉಪ್ಪುನೀರು: ಬ್ಯಾಟರಿ ತಯಾರು. ಸವೆಯುವುದು ಅಲ್ಯೂಮಿನಿಯಂ. ಮಿಶಿಗನ್‌ನದು ಸಿಹಿನೀರು, ಆಳದಲ್ಲಿ ಕತ್ತಲೆ, ಕೊರೆಯುವ ಚಳಿ. ಎಲ್ಲವೂ ನಿಧಾನ. ಆದರೆ ಈಗ ಅಲ್ಲಿಗೂ ಕ್ವಾಗಾ ಎಂಬ ಹೊರಗಿನ ಚಿಪ್ಪುಜೀವಿ ನುಗ್ಗಿದೆ, ವಿಮಾನದ ಮೈತುಂಬ ಮೆತ್ತಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಉಳಿದವನ್ನು ಎತ್ತುವ ತೀರ್ಮಾನ ಬೇಗ ಆಗಬೇಕು.

ಪ್ರಶ್ನೆ: ಎತ್ತಿದ ಮೇಲೆ ಚೆನ್ನಾಗಿ ತೊಳೆದು ಒಣಗಿಸಿದರೆ ಮುಗೀತಲ್ಲ?

ಉತ್ತರ: ಕಡಲಿನದ್ದಾದರೆ ಒಣಗಿಸಿದಿರೋ, ಕೆಟ್ಟಿತು! ಕ್ಲೋರೈಡ್ ಗುಳಿಗಳ ಒಳಗೆ, ರಿವೆಟ್ (ತಗಡು ಜೋಡಿಸುವ ಮೊಳೆ) ಸಂದಿಯಲ್ಲಿ ಕೂತಿರುತ್ತದೆ. ಮೇಲೆ ಬಂದಾಗ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಗಾಳಿ ತಾಗಿ ಸ್ವಲ್ಪ ದಿನಕ್ಕೆ ರಿವೆಟ್ ಸುತ್ತ ಬಿಳಿ ಪುಡಿ ಏಳುತ್ತದೆ, ಬೆರಳಿಟ್ಟರೆ ತಗಡು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಅದಕ್ಕೇ ಮೊದಲ ದಿನದಿಂದ ಒದ್ದೆಯಾಗಿಯೇ ಇಡಬೇಕು. 2013ರಲ್ಲಿ ಇಂಗ್ಲಿಷ್ ಕಾಲುವೆಯಿಂದ ಡಾರ್ನಿಯರ್ 17 ಎಂಬ ಬಾಂಬರ್ ಎತ್ತಿದರಲ್ಲ (ಜರ್ಮನ್ ವಾಯುಪಡೆಯದ್ದು, ನೌಕಾಪಡೆಯದ್ದಲ್ಲ, ಆದರೂ ಪಾಠ ಒಂದೇ), ಇಂಗ್ಲೆಂಡಿನ ಕಾಸ್‌ಫರ್ಡ್ ಮ್ಯೂಸಿಯಂನಲ್ಲಿ ಅದನ್ನು ಪ್ಲಾಸ್ಟಿಕ್ ಹೊದಿಸಿದ ಸುರಂಗದಂಥ ಶೆಡ್ಡುಗಳಲ್ಲಿ ಇಟ್ಟರು. ತೆಳುವಾದ ಸಿಟ್ರಿಕ್ ಆಮ್ಲವನ್ನು, ಅಂದರೆ ನಿಂಬೆಹಣ್ಣಿನ ಹುಳಿಯನ್ನೇ, ಬಹಳ ಕಾಲ ಅದರ ಮೇಲೆ ಸಿಂಪಡಿಸಿದರು. ಎತ್ತುವುದು ಟಿವಿಯಲ್ಲಿ ಬರುತ್ತದೆ. ಈ ಸಿಂಪಡಿಕೆಯನ್ನು ನೋಡಲು ಯಾರೂ ಬರುವುದಿಲ್ಲ, ಹಣ ಕರಗುವುದು ಮಾತ್ರ ಇಲ್ಲೇ.

ಪ್ರಶ್ನೆ: ಡೈವಿಂಗ್ ಮಾಡುವಾಗ ನನಗೇ ಒಂದು ಸಿಕ್ಕಿದರೆ ನನ್ನದಾಗುತ್ತಾ? 😀

ಉತ್ತರ: ಅಮೆರಿಕದ ನೌಕಾಪಡೆಯದ್ದಾದರೆ ಖಂಡಿತ ಇಲ್ಲ. ಎಷ್ಟೇ ವರ್ಷ ಕಳೆದರೂ ಒಡೆತನ ಸರ್ಕಾರದ್ದೇ ಅಂತ 2004ರ ಕಾನೂನು ಹೇಳುತ್ತದೆ. ಅನುಮತಿಯಿಲ್ಲದೆ ಒಂದು ಸ್ಕ್ರೂ ಕೂಡ ತೆಗೆಯುವಂತಿಲ್ಲ. ಎಷ್ಟೋ ವಿಮಾನಗಳೊಳಗೆ ಸತ್ತವರ ಮೂಳೆಗಳಿರುತ್ತವೆ, ಸಿಡಿಯದ ಬಾಂಬೂ ಇರಬಹುದು. ಜಾಗ ಗುರುತು ಮಾಡಿಕೊಂಡು ತಿಳಿಸಿ, ಸಾಕು. ಡೆವಾಸ್ಟೇಟರ್ ಎಂಬ ಟಾರ್ಪಿಡೋ ವಿಮಾನ ಯಾವ ಮ್ಯೂಸಿಯಂನಲ್ಲೂ ಒಂದು ಇಡಿಯಾಗಿ ಉಳಿದಿಲ್ಲ. ಮಾರ್ಷಲ್ ದ್ವೀಪಗಳ ಜಲೂಯಿಟ್ ಹಿನ್ನೀರಿನಲ್ಲಿ ಎರಡು ಇವೆ ಅಂತ ಎಲ್ಲರಿಗೂ ಗೊತ್ತು. ಅಂಥದ್ದನ್ನು ಕೂಡ ಸುಮ್ನೆ ಹೋಗಿ ಎತ್ತಿಕೊಂಡು ಬರಲಾಗುವುದಿಲ್ಲ.

ಪ್ರಶ್ನೆ: ಮೀನುಬಲೆಗೆ ಸಿಕ್ಕಿದ ಅಲ್ಯೂಮಿನಿಯಂ ತುಂಡೊಂದು ನನ್ನ ಹತ್ತಿರ ಇದೆ, ರಿವೆಟ್ ಸಾಲು ಇದೆ. ನೀವು ಹೇಳಿದ ಬಿಳಿ ಪುಡಿ ಶುರುವಾಗಿದೆ. ಬ್ರಷ್ ಹಾಕಿ ಉಜ್ಜಲಾ?

ಉತ್ತರ: ಅಯ್ಯೋ, ಬೇಡ. ಬ್ರಷ್ ಕೆಳಗಿಡಿ. ಬಣ್ಣ, ಅಕ್ಷರ ಏನಾದರೂ ಇದ್ದರೆ ಅದೂ ಹೋಗುತ್ತದೆ. ಮೊದಲು ಎರಡೂ ಬದಿ ಫೋಟೋ ತೆಗೆಯಿರಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಡಿಸ್ಟಿಲ್ಡ್ ನೀರು ತುಂಬಿ ಮುಳುಗಿಸಿಡಿ, ಲೋಹದ ಪಾತ್ರೆ ಬೇಡ. ನೀರು ಆಗಾಗ ಬದಲಿಸಿ. ಬಲೆಗೆ ಸಿಕ್ಕ ಜಾಗವನ್ನು ಆ ಮೀನುಗಾರರನ್ನು ಕೇಳಿ ಬರೆದಿಟ್ಟುಕೊಳ್ಳಿ. ರಿವೆಟ್ ಸಾಲಿನ ಫೋಟೋ ಹತ್ತಿರದಿಂದ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಇಲ್ಲಿ ಹಾಕಿ. ಯಾರಿಗೆ ತಿಳಿಸಬೇಕು ಅಂತ ಆಮೇಲೆ ನೋಡೋಣ.