ಆಪರೇಷನ್‌ಗೆ ಮುಂಚೆ ಡಿಟಿಐ ಸ್ಕ್ಯಾನ್ (ಮಿದುಳಿನ ನರತಂತುಗಳ ದಾರಿ ತೋರಿಸುವ ಎಂಆರ್‌ಐ) ಮಾಡಿಸಿದವರು ಇದ್ದೀರಾ?

ಹಾಸನದಿಂದ: ಅಮ್ಮನಿಗೆ ಬಲಗಡೆ ಟೆಂಪೊರಲ್ ಲೋಬಿನಲ್ಲಿ, ಅಂದರೆ ಕಿವಿಯ ಹತ್ತಿರದ ಮಿದುಳಿನ ಭಾಗದಲ್ಲಿ, ಗಡ್ಡೆ. ದೃಷ್ಟಿಯ ನರತಂತುಗಳು ಎಲ್ಲಿ ಹಾದುಹೋಗಿವೆ ನೋಡಲು ಡಿಟಿಐ ಮಾಡಿಸಿ ಅಂದಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರಿನಿಂದ: ನಮ್ಮ ಯಜಮಾನರಿಗೂ ಅಲ್ಲೇ ಗಡ್ಡೆ ಇತ್ತು, ನಾವು ಮಾಡಿಸಲಿಲ್ಲ. ಆ ಕೊರಗು ಇನ್ನೂ ಹೋಗಿಲ್ಲ. ಮೊದಲ ಎಂಆರ್‌ಐಗೆ ₹9,500 ಕೊಟ್ಟಿದ್ದೆವು. ಡಿಟಿಐಗೆ ಮತ್ತೆ ₹14,000 ಅಂದಾಗ ಅವರೇ ಬೇಡ ಅಂದುಬಿಟ್ಟರು. ಆಪರೇಷನ್‌ನಲ್ಲಿ ಗಡ್ಡೆ ಪೂರ್ತಿ ತೆಗೆದರು. ಆದರೆ ಮೇಯರ್ ಲೂಪ್‌ಗೆ, ಅಂದರೆ ಅಲ್ಲಿ ಬಾಗಿ ಹೋಗುವ ದೃಷ್ಟಿಯ ತಂತುಗಳಿಗೆ, ಪೆಟ್ಟಾಯಿತು. ಈಗ ಎರಡು ಕಣ್ಣಿಗೂ ಎಡಗಡೆ ಮೇಲಿನ ಕಾಲುಭಾಗ ಕಾಣಿಸುವುದಿಲ್ಲ. ಅಡುಗೆಮನೆಯ ಮೇಲಿನ ಕಪಾಟು ತೆರೆದಿದ್ದರೆ ಬಾಗಿಲು ನೇರ ಹಣೆಗೇ ಬಡಿಯುತ್ತದೆ. ಒಮ್ಮೆ ನಾಲ್ಕು ಹೊಲಿಗೆ ಬಿತ್ತು.

ಹುಬ್ಬಳ್ಳಿಯಿಂದ: ನಾವು ಮಾಡಿಸಿಯೂ ನೊಂದವರು. ಸ್ಕ್ಯಾನಿಗೆ ₹16,500, ಕ್ರಿಯಾಟಿನಿನ್ ಅನ್ನುವ ಕಿಡ್ನಿ ಟೆಸ್ಟಿಗೆ ₹250, ಲಾಡ್ಜಿಗೆ ₹1,800. ಅಪ್ಪ ಒಳಗೆ ಅಲುಗಾಡಿದರು, ಚಿತ್ರ ಕೆಟ್ಟಿತು. ಮರುದಿನ ಮತ್ತೆ ಸರದಿ. ಗಡ್ಡೆಯ ಸುತ್ತ ಊತ ಜಾಸ್ತಿ ಇತ್ತು, ಅಲ್ಲಿ ತಂತುಗಳೇ ಮೂಡಲಿಲ್ಲ. ಇಲ್ಲ ಅಂತಲ್ಲ, ಸ್ಕ್ಯಾನಿಗೆ ಸಿಕ್ಕಿಲ್ಲ ಅಷ್ಟೆ ಅಂದರು ಡಾಕ್ಟರು. ತಲೆ ತೆರೆದ ಮೇಲೆ ಮಿದುಳು ಜರುಗುತ್ತದಂತೆ. ಮುಂಚಿನ ಚಿತ್ರ ಆಗ ಅಷ್ಟು ಸರಿಹೊಂದುವುದಿಲ್ಲ.

ಮೈಸೂರಿನಿಂದ: ಸುಮ್ನೆ ಹೆದರಿಸಬೇಡಿ ಸರ್. ಪಾಪ, ಅವರು ಅಮ್ಮನ ಚಿಂತೆಯಲ್ಲಿದ್ದಾರೆ.

ಹುಬ್ಬಳ್ಳಿಯಿಂದ: ಆದದ್ದನ್ನು ಹೇಳಿದೆ. ಹೆದರಿಸುವುದು ಹೇಗಾಗುತ್ತದೆ?

ಶಿವಮೊಗ್ಗದಿಂದ: ನಮಗೆ ಡಿಟಿಐಯಿಂದಲೇ ಒಳ್ಳೆಯದಾಯಿತು. ಆ ಲೂಪ್ ಎಷ್ಟು ಮುಂದೆ ಬಾಗಿದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಅಣ್ಣನಿಗೆ ಅದು ಗಡ್ಡೆಯ ಪಕ್ಕಕ್ಕೇ ಅಂಟಿಕೊಂಡಿತ್ತು. ಸರ್ಜನ್ ಒಳಹೋಗುವ ದಾರಿಯನ್ನೇ ಬದಲಿಸಿದರು, ಚೂರು ಗಡ್ಡೆ ಅಲ್ಲೇ ಬಿಟ್ಟರು. ಪೆರಿಮೆಟ್ರಿಯಲ್ಲಿ (ಸುತ್ತ ಎಷ್ಟು ಕಾಣುತ್ತದೆ ಅನ್ನುವ ಕಣ್ಣಿನ ಪರೀಕ್ಷೆ) ಮೊದಲು ಹೇಗಿತ್ತೋ ಆಮೇಲೂ ಹಾಗೇ ಇದೆ. ದೇವರಿಗೆ ಕೈ ಮುಗಿದೆ.

ಹುಬ್ಬಳ್ಳಿಯಿಂದ: ಗಡ್ಡೆ ಬಿಟ್ಟು ಬಂದಿದ್ದಕ್ಕೆ ಕೈ ಮುಗಿಯುತ್ತೀರಾ ಮೇಡಂ?

ಶಿವಮೊಗ್ಗದಿಂದ: ಆ ಮಾತು ಬೇಡಿತ್ತು. ಮೂರು ತಿಂಗಳಿಗೊಮ್ಮೆ ಎಂಆರ್‌ಐ ಇದೆ. ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ. ನಿಮಗೇನು ಗೊತ್ತು?

ಹುಬ್ಬಳ್ಳಿಯಿಂದ: ನಮ್ಮ ಅಪ್ಪ ಈಗಿಲ್ಲ. ಗೊತ್ತಿದ್ದೇ ಕೇಳಿದೆ.

ಮೈಸೂರಿನಿಂದ: ಇಬ್ಬರೂ ಬಿಡಿ. ಕಣ್ಣು ಅಷ್ಟು ಹೋದರೂ ಬದುಕು ನಡೆಯುತ್ತದೆ. ನಮ್ಮವರು ಹತ್ತಿರದ ಅಂಗಡಿಗೆ ಈಗಲೂ ಸ್ಕೂಟರ್‌ನಲ್ಲೇ ಹೋಗುತ್ತಾರೆ.

ಶಿವಮೊಗ್ಗದಿಂದ: ಏನಕ್ಕಾ ಇದು! ಕಾಲುಭಾಗ ಕಾಣದವರ ಕೈಗೆ ಸ್ಕೂಟರ್ ಕೊಡುತ್ತೀರಾ? ರಸ್ತೆಯಲ್ಲಿ ಮಕ್ಕಳು ಓಡಾಡುವುದಿಲ್ಲವಾ?

ಮೈಸೂರಿನಿಂದ: ನಾನೇನು ಕೊಟ್ಟೆನಾ? ನೀವು ಬಂದು ನಿಲ್ಲಿಸಿ ನೋಡಿ.

ಹುಬ್ಬಳ್ಳಿಯಿಂದ: ಈ ವಿಷಯದಲ್ಲಿ ಶಿವಮೊಗ್ಗದವರು ಹೇಳಿದ್ದೇ ಸರಿ. ಕೀ ಬಚ್ಚಿಡಿ ಅಕ್ಕ.

ಮೈಸೂರಿನಿಂದ: ಬೆಳಿಗ್ಗೆ ಅಕ್ಕಿ ಡಬ್ಬಿಯಲ್ಲಿ ಇಟ್ಟೆ. ಆಗಿನಿಂದ ನನ್ನ ಹತ್ತಿರ ಮಾತಾಡಿಲ್ಲ.